ಓದಿನ ಸಾಲದ ಕಂತು ಶುರುವಾಗುವ ಮುನ್ನ: ಯಾವ ದಾರಿ ಯಾರಿಗೆ?

2021ರಲ್ಲಿ ಎಂಜಿನಿಯರಿಂಗ್‌ಗೆ ಸೇರಿ 2025ರಲ್ಲಿ ಮುಗಿಸಿದವರಿಗೆ 2026ರ ನಡುವಿನಲ್ಲಿ ಬ್ಯಾಂಕಿನಿಂದ ಒಂದು ಮೆಸೇಜು ಬರುತ್ತದೆ: ಇಂಥ ತಿಂಗಳಿಂದ ಇಷ್ಟು ಕಂತು. ಐದು ವರ್ಷ ಯಾರೂ ಕೇಳದೆ ಇದ್ದ ಸಾಲ ಅದು. ಮನೆಯವರಿಗೆ ನೆನಪಿರುವುದು ತೆಗೆದುಕೊಂಡ ಆರು ಲಕ್ಷ, ಮೆಸೇಜಿನಲ್ಲಿ ಕಾಣುವುದು ಎಂಟು ಲಕ್ಷದ ಮೇಲೆ. ಮಂಡ್ಯದ ಕಡೆಯ ಮನೆಯಾಗಲಿ ಮೈಸೂರಿನ ಕಡೆಯದಾಗಲಿ, ಮೊದಲು ಬರುವ ಮಾತು ‘ಬ್ಯಾಂಕಿನವರು ಏನೋ ಎಡವಟ್ಟು ಮಾಡವ್ರೆ’ ಅಂತ. ಬಹಳ ಸಲ ಎಡವಟ್ಟೇನೂ ಆಗಿರುವುದಿಲ್ಲ. ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲದ ಬಿಡುವು, ಇದ್ದಷ್ಟು ಕಾಲ ಕಂತಿಗೆ ರಜೆ ಇತ್ತು, ಬಡ್ಡಿ ಮಾತ್ರ ದಿನಾ ಬೆಳೆಯುತ್ತಲೇ ಇತ್ತು.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ‘ಇಲ್ಲಿ ಕೋವಿಡ್ ಟೈಮಲ್ಲಿ ಬಡ್ಡಿಯೇ ಇರಲಿಲ್ಲ’ ಎಂದು ಹೇಳಿದ್ದನ್ನು ಕೇಳಿ ಗೊಂದಲ ಮಾಡಿಕೊಂಡವರೂ ಇದ್ದಾರೆ. ಅದು ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲದ ಮಾತು. 2020ರ ಮಾರ್ಚಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಕಂತೂ ನಿಂತಿತ್ತು, ಬಡ್ಡಿಯೂ ಸೊನ್ನೆ ಇತ್ತು. 2023ರ ಸೆಪ್ಟೆಂಬರಿನಲ್ಲಿ ಬಡ್ಡಿ, ಅಕ್ಟೋಬರಿನಲ್ಲಿ ಕಂತು ಮತ್ತೆ ಶುರುವಾಯಿತು. ನಮ್ಮಲ್ಲಿ 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕೊಟ್ಟ ಬಿಡುವಿನಲ್ಲೂ ಬಡ್ಡಿ ಓಡಿತ್ತು. ಆಮೇಲೆ ವಾಪಸ್ ಬಂದದ್ದು ಬಡ್ಡಿಯ ಮೇಲಿನ ಬಡ್ಡಿ ಮಾತ್ರ.

ಈಗ ಮುಂದಿರುವ ದಾರಿಗಳು ಹಲವು: ಉದ್ದ ಅವಧಿ, ಗಿಡ್ಡ ಅವಧಿ, ಕೂಡಿದ ಬಡ್ಡಿಯನ್ನು ಒಂದೇ ಸಲ ಕಟ್ಟುವುದು, ಇನ್ನಷ್ಟು ಸಮಯ ಕೇಳುವುದು, ಬೇರೆ ಬ್ಯಾಂಕಿಗೆ ಸಾಲ ಸಾಗಿಸುವುದು, ಒಡವೆ ಇಟ್ಟು ಮುಗಿಸಿಬಿಡುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಾಗದದ ಮೇಲೆ ಉದ್ದ ಅವಧಿ, ಕೈಯಿಂದ ಹೆಚ್ಚು ಪಾವತಿ, ಇದೇ ಬಹುಪಾಲು ಸರಿ. ಯಾಕೆ ಎಂಬುದಕ್ಕೆ ಲೆಕ್ಕ ಮುಂದಿದೆ.

ಹೋಲಿಸುವ ಮೊದಲು ಸ್ಟೇಟ್‌ಮೆಂಟ್ ನೋಡಿ

ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ, ಮೊದಲ ದಿನದಿಂದ ಇಂದಿನವರೆಗೆ. ಉಳಿತಾಯ ಖಾತೆಯ ಪಾಸ್‌ಬುಕ್ ತೋರಿಸಿ ‘ಇದರಲ್ಲಿ ಏನೂ ಕಾಣ್ತಿಲ್ಲ ಸಾರ್’ ಅಂದರೆ ಪ್ರಯೋಜನವಿಲ್ಲ, ಸಾಲದ ಖಾತೆ ಬೇರೆ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷ ಸರಳ ಬಡ್ಡಿ. ಅದನ್ನು ಪರೀಕ್ಷಿಸುವುದು ಸುಲಭ. ಕೊನೆಯ ವರ್ಷದ ಫೀಸು ಬಿಡುಗಡೆಯಾದ ಮೇಲಿನ ತಿಂಗಳುಗಳನ್ನು ನೋಡಿ. ಆರು ಲಕ್ಷಕ್ಕೆ ಶೇ. 10 ಅಂದರೆ ತಿಂಗಳಿಗೆ 5,000ದ ಆಸುಪಾಸು. 30 ದಿನ, 31 ದಿನದ ವ್ಯತ್ಯಾಸ ಬಿಟ್ಟರೆ ಅಂಕಿ ಅಲ್ಲೇ ನಿಂತಿರಬೇಕು. ಬಡ್ಡಿ ದರ ಬದಲಾಗದೆ, ಹೊಸ ಹಣ ಬಿಡುಗಡೆಯಾಗದೆ, ತಿಂಗಳ ಬಡ್ಡಿ ಮಾತ್ರ ಏರುತ್ತಾ ಹೋಗಿದ್ದರೆ ಅದು ಚಕ್ರಬಡ್ಡಿ. ಹಾಗಿದ್ದರೆ ಮಂಜೂರಾತಿ ಪತ್ರದಲ್ಲಿ ಏನು ಬರೆದಿದೆ ಎಂದು ನೋಡಿ, ಲಿಖಿತವಾಗಿ ಕೇಳಿ.

ಎರಡನೆಯದು ಬಡ್ಡಿ ಸಬ್ಸಿಡಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಭಾರತದಲ್ಲೇ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದಿದವರ ಮೊರಟೋರಿಯಂ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಿಂದ ಇದೆ. ಅದರ ನೋಡಲ್ ಬ್ಯಾಂಕ್, ಅಂದರೆ ಎಲ್ಲರ ಪರವಾಗಿ ಯೋಜನೆ ನೋಡಿಕೊಳ್ಳುವ ಬ್ಯಾಂಕ್, ಕೆನರಾ. ನಿಮ್ಮ ಸಾಲ ಯಾವ ಬ್ಯಾಂಕಿನದಾದರೂ ಕ್ಲೇಮು ಅಲ್ಲಿಗೇ ಹೋಗುತ್ತದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು ಕೊಟ್ಟ ನೆನಪಿದ್ದರೆ, ಸಬ್ಸಿಡಿ ನಿಜವಾಗಿ ಖಾತೆಗೆ ಜಮಾ ಆಗಿದೆಯೇ ಎಂದು ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ಪತ್ರ ಕೊಟ್ಟೆವು, ಆಯಿತು ಎಂದು ಸುಮ್ಮನಿದ್ದವರೇ ಹೆಚ್ಚು. ಇದೊಂದೇ ವಿಷಯ ಕೆಳಗಿನ ಎಲ್ಲ ಹೋಲಿಕೆಯನ್ನೂ ಬದಲಾಯಿಸಬಲ್ಲದು.

ಮೂರನೆಯದು ಚಿಕ್ಕದು, ಆದರೆ ಮೊದಲ ಕಂತೇ ಬೌನ್ಸ್ ಆಗಲು ಅದೇ ಸಾಕು. ಇಷ್ಟು ವರ್ಷದಲ್ಲಿ ಬ್ಯಾಂಕುಗಳ ಹೆಸರೇ ಬದಲಾಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು, 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಹಳೆಯ ಖಾತೆ, ಹಳೆಯ ಐಎಫ್ಎಸ್‌ಸಿ ಕೋಡು, ಪಿಯುಸಿ ಕಾಲದ ಮೊಬೈಲ್ ನಂಬರು, ಇವೆಲ್ಲ ಸರಿಯಿದೆಯೇ ನೋಡಿ. ಆಟೋ ಡೆಬಿಟ್ ತಾರೀಖು ಸಂಬಳ ಬರುವ ದಿನಕ್ಕಿಂತ ಎರಡು ಮೂರು ದಿನ ಆಚೆಗೆ ಇರುವಂತೆ ಕೇಳಿಕೊಳ್ಳಿ.

ಲೆಕ್ಕ ಹಿಡಿಯಲು ಒಂದು ಉದಾಹರಣೆ

ಮದ್ದೂರಿನ ಕಡೆಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳೋಣ. ಮೈಸೂರಿನಲ್ಲಿ ನಾಲ್ಕು ವರ್ಷದ ಬಿ.ಇ., ವರ್ಷಕ್ಕೆ ಒಂದೂವರೆ ಲಕ್ಷದಂತೆ ಒಟ್ಟು ಆರು ಲಕ್ಷ ಸಾಲ, ದರ ಶೇ. 10. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ 75,000. ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ನಾಲ್ಕನೆಯದಕ್ಕೆ 30,000. ಒಟ್ಟು ಬಡ್ಡಿ 2,10,000. ಕಂತು ಶುರುವಾಗುವ ದಿನ ಇದು ಅಸಲಿಗೆ ಸೇರಿ, ಅಂದಿನಿಂದ ಅವಳ ಸಾಲ 8,10,000. ಇನ್ನು ಮೇಲೆ ಬಡ್ಡಿ ಬೀಳುವುದು ಈ ಪೂರ್ತಿ ಮೊತ್ತಕ್ಕೆ.

ಅವಧಿಗೆ ತಕ್ಕಂತೆ ಕಂತು ಹೀಗೆ:

15 ವರ್ಷ: ತಿಂಗಳಿಗೆ 8,704, ಒಟ್ಟು ಕಟ್ಟುವುದು ಸುಮಾರು 15.67 ಲಕ್ಷ
10 ವರ್ಷ: ತಿಂಗಳಿಗೆ 10,704, ಒಟ್ಟು ಸುಮಾರು 12.85 ಲಕ್ಷ
7 ವರ್ಷ: ತಿಂಗಳಿಗೆ 13,447, ಒಟ್ಟು ಸುಮಾರು 11.30 ಲಕ್ಷ
5 ವರ್ಷ: ತಿಂಗಳಿಗೆ 17,210, ಒಟ್ಟು ಸುಮಾರು 10.33 ಲಕ್ಷ

ಉದ್ದವೋ, ಗಿಡ್ಡವೋ

ಒಟ್ಟು ಮೊತ್ತದ ಅಂಕಣ ನೋಡಿದವರು ‘15 ವರ್ಷವಾ? ಡಬಲ್ ಆಯ್ತಲ್ಲ!’ ಎಂದು ಗಾಬರಿಯಾಗಿ ಏಳು ವರ್ಷ ಬರೆಸುತ್ತಾರೆ. ಅಪ್ಪಂದಿರಿಗಂತೂ ಸಾಲ ಬೇಗ ತೀರಬೇಕು ಎಂಬ ಆತುರ, ಅದು ಒಳ್ಳೆಯ ಆತುರವೇ. ಆದರೆ ಹತ್ತು ವರ್ಷಕ್ಕೂ ಹದಿನೈದು ವರ್ಷಕ್ಕೂ ಇರುವ ವ್ಯತ್ಯಾಸವನ್ನು ತಿಂಗಳ ಲೆಕ್ಕದಲ್ಲಿ ನೋಡಿ: ಬರೀ 2,000 ರೂಪಾಯಿ. ಹದಿನೈದು ವರ್ಷದ ಕಂತನ್ನೇ ಬರೆಸಿ, ಪ್ರತಿ ತಿಂಗಳು 2,000 ಹೆಚ್ಚಿಗೆ ಕಟ್ಟಿದರೆ ಸಾಲ ಹತ್ತೇ ವರ್ಷಕ್ಕೆ ತೀರುತ್ತದೆ, 2.82 ಲಕ್ಷ ಉಳಿಯುತ್ತದೆ. ಬಡ್ಡಿಯ ಲೆಕ್ಕಕ್ಕೆ ಕಾಗದದಲ್ಲಿ ಬರೆದ ಅವಧಿ ಮುಖ್ಯವಲ್ಲ, ನೀವು ಯಾವಾಗ ಎಷ್ಟು ಕಟ್ಟಿದಿರಿ ಎಂಬುದೇ ಮುಖ್ಯ.

ವ್ಯತ್ಯಾಸ ಗೊತ್ತಾಗುವುದು ಕೆಟ್ಟ ತಿಂಗಳಲ್ಲಿ. ಏಳು ವರ್ಷ ಬರೆಸಿದವಳು 13,447 ಕಟ್ಟಲೇಬೇಕು. ಪ್ರಾಜೆಕ್ಟ್ ಮುಗಿದು ಬೆಂಚಿನಲ್ಲಿ ಕೂತರೂ, ಕಾಂಟ್ರ್ಯಾಕ್ಟ್ ಮುಂದುವರಿಯದಿದ್ದರೂ, ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರೂ ಅಷ್ಟೇ. ಹದಿನೈದು ಬರೆಸಿ 13,447 ಕಟ್ಟುತ್ತಿದ್ದವಳು ಆ ತಿಂಗಳು 8,704ಕ್ಕೆ ಇಳಿಯಬಹುದು, ಯಾರನ್ನೂ ಕೇಳಬೇಕಾಗಿಲ್ಲ, ಸಾಲ ಕಟ್ಟಿದ ಚರಿತ್ರೆ ದಾಖಲಾಗುವ ಸಿಬಿಲ್‌ಗೂ ಕಲೆ ಇಲ್ಲ. ಅವಧಿ ಕಡಿಮೆ ಮಾಡಿಸುವುದು ಯಾವಾಗಲೂ ಸುಲಭ, ಬ್ಯಾಂಕು ಬೇಡ ಅನ್ನುವುದಿಲ್ಲ. ಒಮ್ಮೆ ಗಿಡ್ಡ ಬರೆಸಿ ಆಮೇಲೆ ಉದ್ದ ಮಾಡಿಸಲು ಹೋದರೆ ಅದಕ್ಕೆ ಅರ್ಜಿ, ಕಾರಣ, ಮ್ಯಾನೇಜರರ ಮನಸ್ಸು ಎಲ್ಲ ಬೇಕು.

ಮುಂಚಿತ ಪಾವತಿಗೆ ದಂಡ ಬೀಳುತ್ತದೆ ಎಂಬ ಭಯವೂ ಬೇಡ. ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆದ, ಬದಲಾಗುವ ಬಡ್ಡಿಯ ಸಾಲಗಳಿಗೆ ಮುಂಚಿತ ಪಾವತಿಯ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಮ್ಮ ಕಡೆಯ ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲ ಸಾಮಾನ್ಯವಾಗಿ ಇದೇ ಬಗೆಯದು.

ಒಂದು ಎಚ್ಚರ. ಹೆಚ್ಚಿಗೆ ಕಟ್ಟಿದ ಹಣವನ್ನು ಏನು ಮಾಡಬೇಕು ಎಂದು ಬ್ಯಾಂಕಿಗೆ ಬರೆದು ಕೊಡಿ: ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಇಳಿಸಿ. ಹೇಳದಿದ್ದರೆ ಕಂತು ಇಳಿದು ಅವಧಿ ಹಾಗೇ ಉಳಿಯಬಹುದು, ಆಗ ಉಳಿತಾಯವೂ ಕಡಿಮೆ.

ಹಾಗಾದರೆ ಗಿಡ್ಡ ಅವಧಿ ಯಾರಿಗೆ? ಕೈಯಲ್ಲಿ ದುಡ್ಡಿದ್ದರೆ ನಿಲ್ಲುವುದಿಲ್ಲ ಎಂದು ತಮ್ಮ ಬಗ್ಗೆ ತಮಗೇ ಗೊತ್ತಿರುವವರಿಗೆ. ಕಾಯಂ ನೌಕರಿ ಸಿಕ್ಕಿ, ಅಪ್ಪ ಅಮ್ಮನ ಮನೆಯಲ್ಲೇ ಇದ್ದು, ಬಾಡಿಗೆಯ ಹೊರೆ ಇಲ್ಲದವರಿಗೂ ಅಡ್ಡಿಯಿಲ್ಲ. ಮೈಸೂರಿನ ಹೆಬ್ಬಾಳದಲ್ಲಿ ಕೆಲಸ ಸಿಕ್ಕಿ ಮನೆಯಿಂದಲೇ ಓಡಾಡುವವನಿಗೂ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟುವವನಿಗೂ ಸಂಬಳ ಒಂದೇ ಇದ್ದರೂ ಕಂತು ಕಟ್ಟುವ ತಾಕತ್ತು ಒಂದೇ ಅಲ್ಲ. ಕೈಗೆ 25,000 ಬರುವ ಹುಡುಗನಿಗೆ 8,704 ಅಂದರೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು.

ಕೂಡಿದ ಬಡ್ಡಿಯನ್ನು ಒಂದೇ ಸಲ ಕಟ್ಟಿಬಿಟ್ಟರೆ?

ಕಟ್ಟಲು ಹಣವಿದ್ದರೆ ಇದರಷ್ಟು ಲಾಭದ್ದು ಬೇರೊಂದಿಲ್ಲ. 2,10,000 ಕಟ್ಟಿ ಸಾಲವನ್ನು ಮತ್ತೆ ಆರು ಲಕ್ಷಕ್ಕೆ ಇಳಿಸಿ, ಕಂತನ್ನು ಮಾತ್ರ ಅದೇ 8,704 ಇಟ್ಟುಕೊಂಡರೆ ಸಾಲ 15 ವರ್ಷದ ಬದಲು 8 ವರ್ಷ 7 ತಿಂಗಳಿಗೆ ಮುಗಿಯುತ್ತದೆ. ಪೂರ್ತಿ ಆಗದು, ಒಂದು ಲಕ್ಷ ಮಾತ್ರ ಸಾಧ್ಯ ಅಂದರೂ ಸುಮಾರು ಮೂರೂವರೆ ವರ್ಷ ಕಡಿಮೆಯಾಗುತ್ತದೆ.

ಯಾವಾಗ ಕಟ್ಟಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಮೊರಟೋರಿಯಂನಲ್ಲಿ ಬಡ್ಡಿ ಸರಳವಾಗಿದ್ದರೆ, ಕೂಡಿಕೊಂಡ ಬಡ್ಡಿಗೆ ಮತ್ತೆ ಬಡ್ಡಿ ಬೀಳುತ್ತಿಲ್ಲ. ಆದ್ದರಿಂದ ಆರು ತಿಂಗಳು ಮೊದಲೇ ಓಡಿಹೋಗಿ ಕಟ್ಟಿದರೂ ಹೆಚ್ಚಿನ ಲಾಭವಿಲ್ಲ. ಅಷ್ಟು ದಿನ ಆ ಹಣ ಆರ್‌ಡಿಯಲ್ಲೋ ಎಫ್‌ಡಿಯಲ್ಲೋ ಇದ್ದು ನಿಮಗೇ ನಾಲ್ಕು ಕಾಸು ದುಡಿಯಲಿ, ಬಡ್ಡಿ ಅಸಲಿಗೆ ಸೇರುವ ತಿಂಗಳು ತಂದು ಕಟ್ಟಿ. ಮೊದಲ ದಿನದಿಂದ ಬಡ್ಡಿ ಕಟ್ಟುತ್ತಾ ಬಂದವರಿಗೆ ಶೇ. 1ರವರೆಗೆ ದರದಲ್ಲಿ ರಿಯಾಯಿತಿ ಕೊಡುವ ಪದ್ಧತಿ ಇದೆ, ಅಂಥವರು ಮಾತ್ರ ನಿಲ್ಲಿಸಬೇಡಿ.

ಹಣ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮನೆಯ ಎಫ್‌ಡಿಗೆ ಶೇ. 6–7 ಬರುತ್ತಿದ್ದು ಸಾಲಕ್ಕೆ ಶೇ. 10 ಹೋಗುತ್ತಿದ್ದರೆ, ಎಫ್‌ಡಿ ಮುರಿಯುವುದೇ ಲೇಸು. ಆದರೆ ಮೂರು ಕಂತಿನಷ್ಟು, ಅಂದರೆ ಇಪ್ಪತ್ತಾರು ಸಾವಿರದ ಹತ್ತಿರ, ಖಾತೆಯಲ್ಲಿ ಬಿಟ್ಟು ಮಿಕ್ಕದ್ದನ್ನು ಕಟ್ಟಿ.

ಕಬ್ಬಿನ ಬಿಲ್ಲು ನಂಬಿಕೊಂಡವರಿಗೆ ಬೇರೆ ಮಾತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ. ಮಂಡ್ಯದ ರೈತರಿಗೆ ಈ 14 ದಿನದ ಬಗ್ಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ, ಅದೂ ತಾರೀಖು ಗೊತ್ತಿಲ್ಲದೆ ಬರುವ ಹಣವನ್ನು ತಿಂಗಳ ಕಂತಿಗೆ ನೆಚ್ಚಿಕೊಳ್ಳಬಾರದು. ಬಂದ ದಿನ ಒಂದಷ್ಟನ್ನು ಅಸಲಿಗೆ ಕಟ್ಟಲು ಅದು ಹೇಳಿ ಮಾಡಿಸಿದ್ದು. ರೇಷ್ಮೆ ಗೂಡು, ಭತ್ತದ ದುಡ್ಡೂ ಅಷ್ಟೇ. ಕಂತಿಗೆ ನೆರವಾಗುವುದಾದರೆ ಡೇರಿಯ ಹಾಲಿನ ಬಟವಾಡೆ, ಅದು ಚಿಕ್ಕದಾದರೂ ತಪ್ಪದೆ ಬರುತ್ತದೆ.

ಚೀಟಿ ಎತ್ತಿ ಕಟ್ಟೋಣ ಎನ್ನುವವರು ಎಷ್ಟಕ್ಕೆ ಕೂಗುತ್ತಿದ್ದೀರಿ ಎಂದು ನೋಡಿಕೊಳ್ಳಿ. ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತಿದರೆ ಬಿಟ್ಟುಕೊಡುವ ಹಣವೇ ಒಂದು ಬಡ್ಡಿ, ಅದು ಬ್ಯಾಂಕಿನದಕ್ಕಿಂತ ಹೆಚ್ಚಿರುವುದು ಮಾಮೂಲು. ಇನ್ನು ಊರಿನಲ್ಲಿ ನೂರಕ್ಕೆ ಎರಡು ರೂಪಾಯಿಯ ಕೈಸಾಲ: ವರ್ಷಕ್ಕೆ ಶೇ. 24. ಹತ್ತರ ಸಾಲ ತೀರಿಸಲು ಇಪ್ಪತ್ತನಾಲ್ಕರ ಸಾಲ ಮಾಡುವುದನ್ನು ಹೋಲಿಕೆಯ ಪಟ್ಟಿಗೇ ಸೇರಿಸಬಾರದು. ಆದರೂ ‘ಬ್ಯಾಂಕಿನವರು ಮನೆ ಹತ್ರ ಬಂದ್ರೆ ಮರ್ಯಾದೆ ಏನಾಗಬೇಕು’ ಎಂಬ ಅಂಜಿಕೆಯಿಂದ ಜನ ಇದನ್ನೇ ಮಾಡುತ್ತಾರೆ.

ಒಡವೆ ಸಾಲಕ್ಕೆ ಬಡ್ಡಿ ಒಮ್ಮೊಮ್ಮೆ ಕಡಿಮೆ ಕಾಣುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ ವರ್ಷದ ಸಾಲ. ಹದಿನೈದು ವರ್ಷದಲ್ಲಿ ತೀರಿಸಬೇಕಾದ್ದನ್ನು ಹನ್ನೆರಡು ತಿಂಗಳಿಗೆ ತಂದು ನಿಲ್ಲಿಸಿದಂತಾಗುತ್ತದೆ. ವರ್ಷದ ಕೊನೆಗೆ ಬಿಡಿಸಲು ಹಣವಿಲ್ಲದಿದ್ದರೆ ಹರಾಜಿನ ನೋಟಿಸು. ಓದಿನ ಸಾಲಕ್ಕೆ ಅಡಮಾನವೇ ಇಲ್ಲದಿದ್ದಾಗ (7.5 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಕೇಳದಿರುವುದು ರೂಢಿ) ಅಮ್ಮನ ಬಳೆಯನ್ನು ತಂದು ಅದರ ಜಾಗದಲ್ಲಿ ಇಡುವುದು ನನಗೆ ಯಾವ ಲೆಕ್ಕದಲ್ಲೂ ಸರಿ ಕಾಣುವುದಿಲ್ಲ. ಮುಂದಿನ ಕೆಲವೇ ತಿಂಗಳಲ್ಲಿ ಖಚಿತವಾಗಿ ಹಣ ಬರುವುದಿದ್ದರೆ ಮಾತ್ರ ಯೋಚಿಸಬಹುದು.

ಇನ್ನಷ್ಟು ಸಮಯ ಕೇಳುವುದು

ಕೆಲಸ ಸಿಗದವರಿಗೆ, ಸಿಕ್ಕಿದ್ದು ಓದಿಗೆ ತಕ್ಕದ್ದಲ್ಲದವರಿಗೆ, ಸಾಲದ ಪೂರ್ತಿ ಅವಧಿಯಲ್ಲಿ ಎರಡು ಮೂರು ಸಲ ಮೊರಟೋರಿಯಂ ಕೊಡಲು ಮಾದರಿ ಯೋಜನೆಯಲ್ಲೇ ಅವಕಾಶವಿದೆ. ಇದು ಹಕ್ಕಲ್ಲ, ಬ್ಯಾಂಕು ಒಪ್ಪಬೇಕು. ಕೇಳುವುದರಲ್ಲಿ ನಾಚಿಕೆಯೂ ಇಲ್ಲ.

ಅದರ ಬೆಲೆ ಮಾತ್ರ ಗೊತ್ತಿರಲಿ. 8,10,000ಕ್ಕೆ ವರ್ಷಕ್ಕೆ ಬಡ್ಡಿ 81,000. ಒಂದು ವರ್ಷ ಏನೂ ಕಟ್ಟದಿದ್ದರೆ ಸಾಲ 8,91,000, ಹದಿನೈದು ವರ್ಷದ ಕಂತು 9,575. ಒಂದು ವರ್ಷದ ಬಿಡುವಿಗೆ ಒಟ್ಟಾರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಟ್ಟಬೇಕಾಗುತ್ತದೆ. ಬರೀ ಬಡ್ಡಿ ಕಟ್ಟುತ್ತೇನೆ ಅಂದರೆ ತಿಂಗಳಿಗೆ 6,750. ಪೂರ್ತಿ ಕಂತಿಗೂ ಇದಕ್ಕೂ ಇರುವ ಅಂತರ ಎರಡು ಸಾವಿರಕ್ಕಿಂತ ಕಡಿಮೆ. ಅಂದಮೇಲೆ ಬಡ್ಡಿ ಮಾತ್ರ ಕಟ್ಟುವ ಶಕ್ತಿ ಇರುವವರು ಹೇಗಾದರೂ ಆ ಎರಡು ಸಾವಿರ ಹೊಂದಿಸಿಕೊಂಡು ಕಂತನ್ನೇ ಶುರು ಮಾಡುವುದು ವಾಸಿ. ಏನೂ ಆದಾಯ ಇಲ್ಲದವರು ಸಮಯ ಕೇಳಲಿ, ಆರು ತಿಂಗಳು ಸಾಕಾದರೆ ಒಂದು ವರ್ಷ ಕೇಳುವುದು ಬೇಡ.

ಎಂ.ಟೆಕ್., ಎಂಬಿಎ ಸೇರಿದವರಿಗೆ ಮುಂದೂಡಿಕೆ ಸಿಗುವುದು ಸುಲಭ, ಪ್ರವೇಶದ ದಾಖಲೆ ಕೊಟ್ಟರಾಯಿತು. ಕೆಎಎಸ್, ಪಿಡಿಒ ಪರೀಕ್ಷೆಗೆ ರೂಮು ಮಾಡಿಕೊಂಡು ಓದುತ್ತಿರುವವರ ಕಷ್ಟ ಬೇರೆ. ಕೋಚಿಂಗ್ ಸೆಂಟರಿನ ರಸೀದಿಯನ್ನು ಬ್ಯಾಂಕು ಓದು ಎಂದು ಒಪ್ಪುವುದಿಲ್ಲ. ಅವರು ನಿರುದ್ಯೋಗದ ಕಾರಣ ಕೊಟ್ಟೇ ಅರ್ಜಿ ಹಾಕಬೇಕು.

ಕೆಲವು ಬ್ಯಾಂಕುಗಳಲ್ಲಿ ಏರುವ ಕಂತು ಸಿಗುತ್ತದೆ: ಮೊದಲ ವರ್ಷಗಳಲ್ಲಿ ಕಡಿಮೆ, ಆಮೇಲೆ ಹೆಚ್ಚು. ಸಂಬಳ ವರ್ಷ ವರ್ಷ ಏರುವ ಉದ್ಯೋಗವಾದರೆ ಸರಿ. ಮೊದಲ ಕಂತುಗಳು ತಿಂಗಳ ಬಡ್ಡಿಗಿಂತ ಕಡಿಮೆ ಇವೆಯೇ ಎಂದು ಒಂದು ಪ್ರಶ್ನೆ ಕೇಳಿ. ಕಡಿಮೆ ಇದ್ದರೆ ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಿರುತ್ತದೆ.

ದರ ಇಳಿಸುವುದು, ಬ್ಯಾಂಕು ಬದಲಿಸುವುದು

ಮೊದಲು ಸ್ವಂತ ಬ್ಯಾಂಕಿನಲ್ಲೇ ಕೇಳಿ. 2025ರ ಫೆಬ್ರವರಿಯಿಂದ ಡಿಸೆಂಬರಿನೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ. 6.50ರಿಂದ 5.25ಕ್ಕೆ ಇಳಿಯಿತು. ನಿಮ್ಮ ಸಾಲ ರೆಪೊಗೆ ಜೋಡಿಸಿದ್ದಾದರೆ ಅದೂ ಇಳಿದಿರಬೇಕು. ಬ್ಯಾಂಕು ತನ್ನ ಖರ್ಚಿನ ಮೇಲೆ ತಾನೇ ನಿಗದಿ ಮಾಡುವ ಹಳೆಯ ಎಂಸಿಎಲ್ಆರ್ ಲೆಕ್ಕದಲ್ಲಿದ್ದರೆ ಬದಲಿಸಿಕೊಡಿ ಎಂದು ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ ಅರ್ಧ ಶೇಕಡಾ ರಿಯಾಯಿತಿ ಹಲವು ಸರ್ಕಾರಿ ಬ್ಯಾಂಕುಗಳಲ್ಲಿದೆ, ಅದು ಹಾಕಿದ್ದಾರೆಯೇ ನೋಡಿ. ದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಉದ್ದ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಬಿಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೇಳಿದೆ.

ಖಾಸಗಿ ಹಣಕಾಸು ಕಂಪನಿಯಲ್ಲಿ ಶೇ. 13ಕ್ಕೆ ಸಾಲ ಮಾಡಿದವರಿಗೆ ವರ್ಗಾವಣೆ ನಿಜಕ್ಕೂ ಲಾಭ. 8.1 ಲಕ್ಷಕ್ಕೆ ಹತ್ತು ವರ್ಷದ ಕಂತು ಹದಿಮೂರರಲ್ಲಿ 12,094, ಹತ್ತರಲ್ಲಿ 10,704, ಒಟ್ಟು 1.67 ಲಕ್ಷದ ವ್ಯತ್ಯಾಸ. ಹತ್ತರಿಂದ ಒಂಬತ್ತಕ್ಕೆ ಹೋಗುವುದಾದರೆ ತಿಂಗಳಿಗೆ 443 ರೂಪಾಯಿ ಮಾತ್ರ. ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಸ್ಟ್ಯಾಂಪಿನ ಖರ್ಚು, ರಜೆ ಹಾಕಿ ಓಡಾಡುವುದು ಎಲ್ಲ ಸೇರಿಸಿ ನೋಡಿದ ಮೇಲೆ ತೀರ್ಮಾನಿಸಿ. ಮನೆ, ಸೈಟು ಅಡ ಇಟ್ಟವರು ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಪಡೆಯಲು ಹಕ್ಕುದಾರರು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ತೆರಿಗೆ ವಿನಾಯಿತಿ, ಅರಿವು ಸಾಲ

‘ಓದಿನ ಸಾಲ ಬೇಗ ತೀರಿಸಬೇಡಿ, 80ಇ ಲಾಭ ಹೋಗುತ್ತೆ’ ಎನ್ನುವ ಸಲಹೆ ಆಫೀಸುಗಳಲ್ಲಿ ಧಾರಾಳವಾಗಿ ಸಿಗುತ್ತದೆ. 80ಇ ಅಂದರೆ ಆದಾಯ ತೆರಿಗೆ ಕಾನೂನಿನ ಒಂದು ಕಲಮು. ಓದಿನ ಸಾಲದ ಬಡ್ಡಿಗೆ ಎಂಟು ವರ್ಷ ಸಿಗುವ ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ವರ್ಷಕ್ಕೆ ನಾಲ್ಕೈದು ಲಕ್ಷ ಸಂಬಳದವರು ಈ ಮಾತನ್ನು ಮರೆತುಬಿಡಿ.

ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನೂ ಬ್ಯಾಂಕಿನ ಸಾಲವನ್ನೂ ಪಡೆದವರು ಎರಡರಲ್ಲೂ ಕಂತು ತಪ್ಪಿಸದೆ, ಹೆಚ್ಚುವರಿ ಹಣ ಏನಿದ್ದರೂ ಬ್ಯಾಂಕಿಗೆ ಹಾಕಬೇಕು. ಶೇ. 2ರ ಅರಿವು ಸಾಲವನ್ನು ಮೊದಲು ತೀರಿಸಿ ಹತ್ತರದ್ದನ್ನು ಉಳಿಸಿಕೊಳ್ಳುವುದು ಮನಸ್ಸಿಗೆ ಹಗುರ, ಜೇಬಿಗೆ ಭಾರ.

ಮನ್ನಾ ಕಾಯುವವರು, ಆಗಲೇ ಕಂತು ತಪ್ಪಿದವರು

ಮಂಡ್ಯ ಜಿಲ್ಲೆಯಲ್ಲಿ ಈ ಮಾತು ಬರದೆ ಇರುವುದಿಲ್ಲ: ‘ತಡಿ, ಎಲೆಕ್ಷನ್ ಬರ್ಲಿ, ಮನ್ನಾ ಮಾಡ್ತಾರೆ.’ 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ್ದು ರೈತರ ಬೆಳೆ ಸಾಲದ ಮನ್ನಾ, ಮಕ್ಕಳ ಓದಿನ ಸಾಲಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮನ್ನಾ ಕಾಯುತ್ತಾ ಕೂತ ಅಷ್ಟೂ ದಿನ ಬಡ್ಡಿ ಓಡುತ್ತದೆ, 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಓದಿನ ಸಾಲದಲ್ಲಿ ಅಪ್ಪನೋ ಅಮ್ಮನೋ ಸಹಸಾಲಗಾರರಾಗಿರುತ್ತಾರೆ, ಹಾಗಾಗಿ ಮಗ ಕಟ್ಟದ ಕಂತು ಅಪ್ಪನ ಸಿಬಿಲ್‌ನಲ್ಲೂ ಕಾಣುತ್ತದೆ. ಅಪ್ಪ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಗೊತ್ತಾಗುವುದು ಅದು.

ಆಗಲೇ ಎರಡು ಮೂರು ಕಂತು ತಪ್ಪಿದ್ದರೆ 90 ದಿನ ಆಗುವ ಮುಂಚೆ ಶಾಖೆಗೆ ಹೋಗಿ. ಕಂತು ಮರುಹೊಂದಾಣಿಕೆ ಆಗ ಸುಲಭ, ಎನ್‌ಪಿಎ ಆದ ಮೇಲೆ ಕಷ್ಟ. ತಪ್ಪಿದ ಕಂತಿಗೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. ಸ್ಟೇಟ್‌ಮೆಂಟಿನಲ್ಲಿ ಅದನ್ನೂ ನೋಡಿ.

ಕೊನೆಯ ದಾರಿ ಒಂದೇ ಸಲದ ಇತ್ಯರ್ಥ, ಜನ ಓಟಿಎಸ್ ಎನ್ನುವುದು. ಬಡ್ಡಿಯಲ್ಲಿ ಒಂದು ಪಾಲು ಬಿಡುತ್ತಾರೆ, ಆದರೆ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದೆ ಮನೆ ಸಾಲ ಬೇಕೆನ್ನುವ ಇಪ್ಪತ್ತೈದರ ಹುಡುಗನಿಗೆ ಇದು ದುಬಾರಿ. ಬ್ಯಾಂಕಿನಿಂದ ಲೋಕ ಅದಾಲತ್ ನೋಟಿಸು ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ. ಅಲ್ಲಿ ಬಲವಂತವಿಲ್ಲ, ಒಪ್ಪಿದರೆ ಮಾತ್ರ ರಾಜಿ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ, ಆದ್ದರಿಂದ ಕಟ್ಟಲು ಆಗುವ ಮೊತ್ತಕ್ಕೆ, ಆಗುವ ತಾರೀಖಿಗೆ ಮಾತ್ರ ಒಪ್ಪಿಕೊಳ್ಳಿ.

ಯಾವ ದಾರಿ ಆರಿಸಿದರೂ ಶಾಖೆಗೆ ಕಂತಿನ ತಾರೀಖಿಗೆ ಎರಡು ತಿಂಗಳು ಮುಂಚೆ ಹೋಗುವುದು ಒಳ್ಳೆಯದು. ಮಾರ್ಚ್ ಕೊನೆಯ ವಾರ ಮಾತ್ರ ಬೇಡ, ಆಗ ಅಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಕೌಂಟರಿನಲ್ಲಿ ಬಾಯಿಮಾತಿಗೆ ‘ಆಯ್ತು ಹೋಗಮ್ಮ, ನೋಡೋಣ’ ಅಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವಧಿ ಎಷ್ಟು ಬೇಕು, ಕಂತಿನ ತಾರೀಖು ಯಾವುದು, ಸಬ್ಸಿಡಿ ಬಂದಿದೆಯೇ, ದರ ಯಾವ ಲೆಕ್ಕದ್ದು, ಇಷ್ಟನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟು, ನಕಲಿಗೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ದೂರು ಎಂದು ಬರೆದು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ಬಿಟ್ಟಿಯಾಗಿ ದೂರು ಸಲ್ಲಿಸಬಹುದು. ಹೇಗೆಂದು ತಿಳಿಯದವರಿಗೆ 14448 ಸಂಖ್ಯೆಯ ಸಹಾಯವಾಣಿ ಇದೆ. ಆಗ ಮೊದಲು ಕೇಳುವುದು ಆ ಸೀಲು ಬಿದ್ದ ನಕಲನ್ನೇ.